ಹಳೆ ಲೇಥಿನ ಸದ್ದು: ‘ಹೇಗೆ’ ಬಿಡಿ, ‘ಯಾವಾಗ’ ಹೇಳಿ

ಭಾಲ್ಕಿ ತಾಲ್ಲೂಕಿನ ಮೆಹಕರ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಇಂಥ ಊರಿನ ಬಡಿಗರ ಅಂಗಡಿಗೆ ಮರ ಕಡೆಯುವ ಲೇಥ್ ಹೊಸದಾಗಿ ಬರುವುದು ಅಪರೂಪ. ಉದಗೀರದಲ್ಲೋ ಲಾತೂರಿನಲ್ಲೋ ಬೀದರಿನಲ್ಲೋ ಹೈದರಾಬಾದಿನಲ್ಲೋ ಯಾರೋ ಖರಾದಿ ಅಂಗಡಿ ಮುಚ್ಚುತ್ತಾರೆ, ಇಲ್ಲವೇ ದೊಡ್ಡ ಮಷೀನು ತರುತ್ತಾರೆ. ಅವರ ಹಳೆಯದು ಟೆಂಪೊ ಏರಿ ಇಲ್ಲಿಗೆ ಬಂದು ಇಳಿಯುತ್ತದೆ. ಅಲ್ಲಿ ಸುಮ್ಮನೆ ತಿರುಗುತ್ತಿದ್ದದ್ದು ಇಲ್ಲಿ ಸ್ವಿಚ್ ಒತ್ತಿದ ಕೂಡಲೇ ಗರಗರ ಅನ್ನತೊಡಗುತ್ತದೆ. ಮಿಸ್ತ್ರಿಗೆ ಫೋನು ಹೋಗುತ್ತದೆ: “ಅಣ್ಣಾ, ಮಷೀನು ಗುರ್ ಗುರ್ ಅಂತದ.” ಆ ಕಡೆಯಿಂದ ತೀರ್ಪು ಸಿದ್ಧ: “ಬೇರಿಂಗ್ ಹೋಗ್ಯಾವ, ಬದಲಿ ಮಾಡ್ರಿ.”

ಬೇರಿಂಗ್ ಬದಲಾಗುತ್ತದೆ, ರೊಕ್ಕ ಹೋಗುತ್ತದೆ, ಗುರ್ ಗುರ್ ಅಲ್ಲೇ ಉಳಿಯುತ್ತದೆ. ಕಾರಣ ಪುಲ್ಲಿಯ ಸ್ಕ್ರೂ ಸಡಿಲಾಗಿರಬಹುದು, ಮೋಟರಿನ ಕಾಲಿನ ಬೋಲ್ಟು ಇರಬಹುದು, ತಿಂಗಳುಗಟ್ಟಲೆ ಒಂದೇ ಕಡೆ ಮಡಿಚಿಕೊಂಡು ನಿಂತ ಬೆಲ್ಟು ಇರಬಹುದು. ಸದ್ದನ್ನು ಬಾಯಿಂದ ಅನುಕರಿಸಿ ತೋರಿಸುವುದು ನಮ್ಮೆಲ್ಲರ ಅಭ್ಯಾಸ. ಆದರೆ ಎಂಟು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ‘ಗುರ್’ ಬರುತ್ತದೆ. ಕಾಯಿಲೆಯನ್ನು ಬೇರ್ಪಡಿಸುವ ಪ್ರಶ್ನೆ ಇನ್ನೊಂದಿದೆ: ಆ ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ? ಇದಕ್ಕೆ ಉತ್ತರ ಹುಡುಕಲು ಒಂದು ಪಾನಾ, ಒಂದು ಉದ್ದನೆ ಸ್ಕ್ರೂಡ್ರೈವರ್, ಒಂದು ಸೀಮೆಸುಣ್ಣ, ಒಂದಷ್ಟು ಹೊತ್ತು ಸಾಕು.

ಮೂರು ಸುತ್ತು, ಮೂರು ಲೆಕ್ಕ

ಮರದ ಲೇಥಿನಲ್ಲಿ ತಿರುಗುವ ವಸ್ತು ಮೂರು: ಮೋಟರು, ಬೆಲ್ಟು, ಸ್ಪಿಂಡಲ್. ಸ್ಪಿಂಡಲ್ ಎಂದರೆ ಹೆಡ್‌ಸ್ಟಾಕಿನಲ್ಲಿ ಎರಡು ಬೇರಿಂಗುಗಳ ಮೇಲೆ ಕೂತು ಮರವನ್ನು ತಿರುಗಿಸುವ ದಂಡ. ಈ ಮೂರೂ ಒಂದೇ ವೇಗದಲ್ಲಿ ಸುತ್ತುವುದಿಲ್ಲ. ನಮ್ಮ ಪತ್ತೇದಾರಿಗೆ ಅದೇ ದೊಡ್ಡ ಅನುಕೂಲ.

ಲೆಕ್ಕ ಹೀಗೆ. ನಮ್ಮ ಕಡೆಯ ಹೆಚ್ಚಿನ ಲೇಥ್‌ಗಳಿಗೆ ಹಾಕುವ ಮೋಟರಿನ ಪಟ್ಟಿಯ ಮೇಲೆ 1440 ಎಂದು ಕೊರೆದಿರುತ್ತದೆ. ನಿಮಿಷಕ್ಕೆ 1440 ಸುತ್ತು ಎಂದರೆ ಸೆಕೆಂಡಿಗೆ 24. ಮೋಟರಿಗೆ ಎರಡು ಇಂಚಿನ ಪುಲ್ಲಿ, ಸ್ಪಿಂಡಲಿಗೆ ನಾಲ್ಕು ಇಂಚಿನ ಪುಲ್ಲಿ ಇದ್ದರೆ ಸ್ಪಿಂಡಲ್ ನಿಮಿಷಕ್ಕೆ 720, ಸೆಕೆಂಡಿಗೆ 12 ಸುತ್ತು ಹೊಡೆಯುತ್ತದೆ. ಬೆಲ್ಟಿನ ಮೇಲೆ ‘ಎ-50’ ಎಂದಿದೆ ಎನ್ನಿ. ಎ ಎಂದರೆ 13 ಮಿಲಿಮೀಟರ್ ಅಗಲದ ವಿ-ಬೆಲ್ಟು, 50 ಎಂದರೆ ಅದರ ಒಳಸುತ್ತಳತೆ ಇಂಚಿನಲ್ಲಿ. ಈ ಬೆಲ್ಟು ಎರಡು ಇಂಚಿನ ಪುಲ್ಲಿಯ ಮೇಲೆ ಓಡುವಾಗ ಸೆಕೆಂಡಿಗೆ ಸುಮಾರು ಮೂರು ಸಲ ಮಾತ್ರ ಪೂರ್ತಿ ಸುತ್ತು ಬರುತ್ತದೆ.

ಅಂದರೆ ಮೋಟರು 24, ಸ್ಪಿಂಡಲ್ 12, ಬೆಲ್ಟು 3. ಮನುಷ್ಯನ ಕಿವಿ ಸೆಕೆಂಡಿಗೆ ಮೂರು ನಾಲ್ಕು ಪೆಟ್ಟನ್ನು ಬಿಡಿಬಿಡಿಯಾಗಿ ಎಣಿಸಬಲ್ಲದು. ಹನ್ನೆರಡಕ್ಕೆ ಎಣಿಕೆ ತಪ್ಪಿ ದಡದಡ ಅನ್ನಿಸುತ್ತದೆ. ಇಪ್ಪತ್ತು ದಾಟಿದರೆ ಪೆಟ್ಟುಗಳು ಕೂಡಿಕೊಂಡು ಒಂದೇ ಎಳೆಯ ದನಿಯಾಗುತ್ತವೆ. ಹಾಗಾಗಿ ಟಪ್, ಟಪ್, ಟಪ್ ಎಂದು ಎಣಿಸಲು ಸಿಗುವ ಸದ್ದು ಬಂದರೆ ಮೊದಲು ಬೆಲ್ಟು ನೋಡಿ. ದಡದಡ ಬಂದರೆ ಸ್ಪಿಂಡಲಿಗೆ ಅಂಟಿಕೊಂಡ ಯಾವುದೋ ಒಂದು: ಮರ, ಮರವನ್ನು ಹಿಡಿಯುವ ಚಕ್, ಪುಲ್ಲಿ. ಎಣಿಕೆಗೇ ಸಿಗದ ಗುಂಯ್‌ಗುಡುವಿಕೆ ಬಂದರೆ ಮೋಟರು ಅಥವಾ ಬೇರಿಂಗು. ನಿಮ್ಮ ಮಷೀನಿನ ಪುಲ್ಲಿಯ ಅಳತೆ ಬೇರೆ ಇರಬಹುದು, ಲೆಕ್ಕದ ಹಾದಿ ಇದೇ.

ಮೊದಲು ಕರೆಂಟು ತೆಗೆಯಿರಿ

ಪರೀಕ್ಷೆಯಲ್ಲಿ ಮೊದಲನೆಯದು ಎಲ್ಲಕ್ಕಿಂತ ಸುಲಭದ್ದು. ಮಷೀನು ಪೂರ್ತಿ ವೇಗಕ್ಕೆ ಬಂದು ಸದ್ದು ಮಾಡುತ್ತಿರುವಾಗ ಸ್ವಿಚ್ ಆಫ್ ಮಾಡಿ ಕಿವಿಗೊಡಿ. ಸ್ಪಿಂಡಲ್ ಇನ್ನೂ ತಿರುಗುತ್ತಿದ್ದರೂ ಸದ್ದು ಆ ಕ್ಷಣವೇ ಕಡಿದುಹೋದರೆ ಅದು ವಿದ್ಯುತ್ತಿನ ಸದ್ದು. ವೇಗದ ಜೊತೆಗೇ ಇಳಿಯುತ್ತ ಇಳಿಯುತ್ತ ನಿಂತರೆ ಅದು ತಿರುಗುವ ಭಾಗದ ಸದ್ದು. ನಡುವೆ ಯಾವುದೋ ಒಂದು ವೇಗದಲ್ಲಿ ಮಾತ್ರ ಜೋರಾಗಿ, ಅದನ್ನು ದಾಟಿದ ಮೇಲೆ ತಣ್ಣಗಾದರೆ ಅದು ಸ್ಟ್ಯಾಂಡಿನ ಸದ್ದು. ಒಂದೇ ಸ್ವಿಚ್ಚು ಕಾಯಿಲೆಯನ್ನು ಮೂರು ಪಾಲು ಮಾಡಿಕೊಟ್ಟಿತು.

ಎರಡನೆಯದು ಕಳಚುವ ಪರೀಕ್ಷೆ. ಜಾತ್ರೆಯಲ್ಲಿ ಹತ್ತು ಹಲಗೆ ಒಟ್ಟಿಗೆ ಬಾರಿಸುತ್ತಿದ್ದರೆ ಯಾವ ಹಲಗೆಯ ಚರ್ಮ ಸೀಳಿದೆ ಎಂದು ಗೊತ್ತಾಗದು, ಒಂದೊಂದೇ ಬಾರಿಸಿ ನೋಡಬೇಕು. ಲೇಥಿನಲ್ಲೂ ಮೊದಲು ಮರ ತೆಗೆದು ಓಡಿಸಿ. ಆಮೇಲೆ ಚಕ್ ಅಥವಾ ಫೇಸ್‌ಪ್ಲೇಟ್ ಬಿಚ್ಚಿ ಓಡಿಸಿ. ಆಮೇಲೆ ಬೆಲ್ಟು ಕಳಚಿ ಮೋಟರನ್ನಷ್ಟೇ ಓಡಿಸಿ. ಕೊನೆಗೆ ಪ್ಲಗ್ ಕಿತ್ತು, ಬೆಲ್ಟಿಲ್ಲದ ಸ್ಪಿಂಡಲನ್ನು ಬೆರಳಿಂದ ತಿರುಗಿಸಿ. ಯಾವ ಹೆಜ್ಜೆಯಲ್ಲಿ ಸದ್ದು ನಿಂತಿತೋ ಆ ಹೆಜ್ಜೆಯಲ್ಲಿ ಓಟದಿಂದ ಹೊರಗಾದ ಭಾಗದಲ್ಲಿ ದೋಷ. ಬೆಲ್ಟು ಕಳಚಿದಾಗ ನಿಂತರೆ ಬೆಲ್ಟು, ಪುಲ್ಲಿ, ಸ್ಪಿಂಡಲ್ ಮೂರನ್ನೂ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮ ಮುರಿಯಬೇಡಿ. ಬೆಲ್ಟೂ ಬದಲಿಸಿ, ಗ್ರೀಸೂ ಹಾಕಿ, ಬೋಲ್ಟೂ ಬಿಗಿದ ಮೇಲೆ ಸದ್ದು ನಿಂತರೆ ಯಾವುದರಿಂದ ನಿಂತಿತು ಎಂದು ತಿಳಿಯುವುದಿಲ್ಲ. ತಿಂಗಳ ನಂತರ ಅದು ಮರಳಿ ಬಂದಾಗ ಮತ್ತೆ ಮೊದಲಿಂದ ಶುರು ಮಾಡಬೇಕು.

ಮೋಟರು ಒಂಟಿಯಾಗಿ ಓಡುವಾಗ

ಬೆಲ್ಟಿಲ್ಲದ ಮೋಟರು ಸಣ್ಣಗೆ ಗುಂಯ್‌ಗುಡುವುದು ಸಹಜ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತಿರುವು ಹಾಕುತ್ತದೆ. ಮೋಟರಿನೊಳಗಿನ ಕಬ್ಬಿಣದ ತಗಡುಗಳನ್ನು ಕಾಂತ ಪ್ರತಿ ತಿರುವಿಗೆ ಎರಡು ಸಲ ಎಳೆಯುತ್ತದೆ. ಹಾಗಾಗಿ ಆ ದನಿ ಸೆಕೆಂಡಿಗೆ 100 ಕಂಪನದ್ದು. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನಿಂದ ಕೇಳುವುದೂ ಇದೇ ದನಿ. ಮೋಟರಿನ ಕಾಲಿನ ಬೋಲ್ಟು ಸಡಿಲಾದರೆ ಈ ಸಣ್ಣ ದನಿಯೇ ತಗಡಿನ ಸ್ಟ್ಯಾಂಡನ್ನು ಹಿಡಿದು ಹತ್ತು ಪಟ್ಟು ದೊಡ್ಡದಾಗಿ ಕೇಳುತ್ತದೆ. ಬೋಲ್ಟು ಬಿಗಿದು, ಕಾಲಡಿಗೆ ಹಳೆ ಟ್ಯೂಬಿನ ರಬ್ಬರ್ ತುಂಡು ಇಟ್ಟು ನೋಡಿ.

ಗುಂಯ್ ಎಂದು ಜೋರಾಗಿ ಕೂಗುತ್ತ ಮೋಟರು ತಿರುಗದೇ ನಿಂತರೆ ತಕ್ಷಣ ಆಫ್ ಮಾಡಿ. ಒಂದೇ ಫೇಸಿನ ಮೋಟರಾದರೆ ಸ್ಟಾರ್ಟಿಂಗ್ ಕೆಪಾಸಿಟರ್ ಸತ್ತಿರಬಹುದು, ಇಲ್ಲವೇ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ತುದಿಗಳು ಸುಟ್ಟಿರಬಹುದು. ಮೂರು ಫೇಸಿನದಾದರೆ ಒಂದು ಫೇಸ್ ಬರುತ್ತಿಲ್ಲ ಎಂದರ್ಥ. ಆ ಸ್ಥಿತಿಯಲ್ಲಿ ಕೆಲವೇ ನಿಮಿಷ ಬಿಟ್ಟರೂ ಕಾಯಿಲ್ ಸುಟ್ಟು, ರಿವೈಂಡಿಂಗ್ ಖರ್ಚು ತಲೆಗೆ ಬರುತ್ತದೆ. ಸ್ವಿಚ್ ಹಾಕಿದ ಮೇಲೆ ವೇಗ ಹಿಡಿಯುವಾಗ ಒಮ್ಮೆ, ಆಫ್ ಮಾಡಿದ ಮೇಲೆ ವೇಗ ಇಳಿಯುವಾಗ ಒಮ್ಮೆ ‘ಟಕ್’ ಎಂದು ಕೇಳಿದರೆ ಹೆದರಬೇಡಿ. ಅದು ಆ ಸೆಂಟ್ರಿಫ್ಯೂಗಲ್ ಸ್ವಿಚ್ಚು ಬಿಟ್ಟು ಹಿಡಿಯುವ ಸದ್ದು, ಇರಲೇಬೇಕಾದದ್ದು. ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್ ಹಾಕಿದ ಮಷೀನಿನಲ್ಲಿ ಸಣ್ಣಗೆ ಶಿಳ್ಳೆಯಂಥ ದನಿ ಬರುವುದೂ ರೋಗವಲ್ಲ.

ಕೆರೆಯುವ ಸದ್ದಾದರೆ ಮೋಟರಿನ ಹಿಂದಿನ ಫ್ಯಾನು ನೋಡಿ. ಸಾಗಿಸುವಾಗ ಹಿಂಬದಿಯ ತಗಡಿನ ಮುಚ್ಚಳಕ್ಕೆ ಪೆಟ್ಟು ಬಿದ್ದು ಒಳಗೆ ಕುಸಿದು, ಫ್ಯಾನಿನ ಅಲಗಿಗೆ ತಾಗುವುದು ಸಾಮಾನ್ಯ. ಬೆರಳಿಂದ ಎತ್ತಿದರೆ ಮುಗಿಯುವ ಕೆಲಸ ಅದು.

ಹಳೆಯ ಮೂರು ಫೇಸಿನ ಮಷೀನನ್ನು ಹೊಸ ಜಾಗದಲ್ಲಿ ಜೋಡಿಸಿದಾಗ ಇನ್ನೊಂದು ಎಚ್ಚರ ಬೇಕು. ಮೂರು ತಂತಿಗಳಲ್ಲಿ ಎರಡು ಅದಲುಬದಲಾದರೆ ಮೋಟರು ಉಲ್ಟಾ ಓಡುತ್ತದೆ. ಮರದ ಮೇಲ್ಮೈ ಕಡೆಯುವವನ ಕಡೆಗೆ, ಮೇಲಿಂದ ಕೆಳಕ್ಕೆ ಬರುವಂತೆ ತಿರುಗಬೇಕು. ಉಲ್ಟಾ ಓಡಿದರೆ ಸ್ಪಿಂಡಲಿನ ಮರೆಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಬಿಗಿದ ಚಕ್ಕು ತಾನಾಗಿ ಬಿಚ್ಚತೊಡಗುತ್ತದೆ. ಮೊದಲು ಟಕಟಕ ಅನ್ನುತ್ತದೆ, ಆಮೇಲೆ ಕಳಚಿ ಹಾರುತ್ತದೆ. ಮೊದಲ ಸಲ ಸ್ವಿಚ್ ಹಾಕುವಾಗ ಸ್ಪಿಂಡಲಿನ ಮೇಲೆ ಏನೂ ಇರಬಾರದು ಎನ್ನುವುದು ಇದಕ್ಕೇ.

ಬೆಲ್ಟು, ಪುಲ್ಲಿ

ತಿಂಗಳುಗಟ್ಟಲೆ ಓಡದೆ ನಿಂತ ಬೆಲ್ಟು ಪುಲ್ಲಿಯನ್ನು ಸುತ್ತಿದ ಜಾಗದಲ್ಲೇ ಡೊಂಕು ಹಿಡಿಯುತ್ತದೆ. ಓಡಿಸಿದಾಗ ಆ ಡೊಂಕು ಪುಲ್ಲಿಯ ಮೇಲೆ ಬಂದಾಗಲೆಲ್ಲ ಒಂದು ಪೆಟ್ಟು. ಮೇಲೆ ಹೇಳಿದ ಸೆಕೆಂಡಿಗೆ ಮೂರರ ಟಪ್ ಟಪ್ ಇದೇ. ಅರ್ಧ ಗಂಟೆ ಖಾಲಿ ಓಡಿಸಿದರೆ ಬೆಚ್ಚಗಾಗಿ ಎಷ್ಟೋ ಸಲ ಸರಿಹೋಗುತ್ತದೆ. ಹೋಗದಿದ್ದರೆ ಬೆಲ್ಟನ್ನು ಮಗುಚಿ ನೋಡಿ. ಒಳಬದಿಯಲ್ಲಿ ಬಿರುಕು, ಕಿತ್ತುಹೋದ ತುಂಡು ಇದ್ದರೆ ಹೊಸದು ಹಾಕುವುದೇ ದಾರಿ.

ಸ್ವಿಚ್ ಹಾಕಿದ ಕ್ಷಣ, ಅಥವಾ ಉಳಿ ಮರಕ್ಕೆ ಒತ್ತಿದ ಕ್ಷಣ ಮಾತ್ರ ಚೀರಿದರೆ ಬೆಲ್ಟು ಜಾರುತ್ತಿದೆ. ಸಡಿಲಾಗಿದ್ದರೆ ಬಿಗಿ ಮಾಡಿ. ಆದರೆ ಚೀರಾಟ ನಿಲ್ಲಲೆಂದು ತಂತಿಯಂತೆ ಬಿಗಿದರೆ ಎರಡೂ ಕಡೆಯ ಬೇರಿಂಗಿನ ಮೇಲೆ ಭಾರ ಬಿದ್ದು ಹೊಸ ರೋಗ ಹುಟ್ಟುತ್ತದೆ. ಪುಲ್ಲಿಯ ಕೆಳಗೆ ಕಪ್ಪು ರಬ್ಬರಿನ ಹುಡಿ ಬಿದ್ದಿದ್ದರೆ ಎರಡು ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಒಂದು ನೂಲನ್ನು ಎರಡೂ ಪುಲ್ಲಿಗಳ ಮುಖಕ್ಕೆ ಅಡ್ಡಲಾಗಿ ಎಳೆದು ಹಿಡಿಯಿರಿ. ನೂಲು ನಾಲ್ಕು ಅಂಚಿಗೂ ತಾಗಬೇಕು. ತಾಗದಿದ್ದರೆ ಮೋಟರನ್ನು ಸರಿಸಿ.

ಬೇರಿಂಗಿನ ಹೆಸರು ಕೆಡಿಸುವ ದೊಡ್ಡ ಮೋಸಗಾರ ಸಡಿಲ ಪುಲ್ಲಿ. ದಂಡಕ್ಕೂ ಪುಲ್ಲಿಗೂ ನಡುವಿನ ಕೀ ಸವೆದಿದ್ದರೆ, ಅಥವಾ ಪುಲ್ಲಿಯ ಕತ್ತಿನ ಗ್ರಬ್ ಸ್ಕ್ರೂ ಬಿಟ್ಟಿದ್ದರೆ, ಖಾಲಿ ಓಡುವಾಗ ಕಟಕಟ ಅನ್ನುತ್ತದೆ. ಉಳಿ ಹಿಡಿದು ಸ್ವಲ್ಪ ಭಾರ ಕೊಟ್ಟ ಕೂಡಲೇ ಪುಲ್ಲಿ ಒಂದು ಬದಿಗೆ ಒತ್ತಿ ನಿಂತು ಸದ್ದು ಮಾಯವಾಗುತ್ತದೆ. ಭಾರ ಬಿದ್ದರೆ ನಿಲ್ಲುವ ಸದ್ದು ಪುಲ್ಲಿಯದು, ಭಾರ ಬಿದ್ದರೆ ಹೆಚ್ಚುವ ಸದ್ದು ಬೇರಿಂಗಿನದು. ಈ ಒಂದು ಸಾಲು ನೆನಪಿದ್ದರೆ ಅರ್ಧದಷ್ಟು ವ್ಯರ್ಥ ರಿಪೇರಿ ತಪ್ಪೀತು. ಸಂಶಯವಿದ್ದರೆ ಪ್ಲಗ್ ಕಿತ್ತು, ಪುಲ್ಲಿಗೂ ದಂಡಕ್ಕೂ ಸೇರಿಸಿ ಸೀಮೆಸುಣ್ಣದ ಒಂದು ಗೀಟು ಎಳೆಯಿರಿ. ನಾಲ್ಕು ಸಲ ಓಡಿಸಿ ನಿಲ್ಲಿಸಿದ ಮೇಲೆ ಗೀಟು ತುಂಡಾಗಿದ್ದರೆ ಕಳ್ಳ ಸಿಕ್ಕ.

ಬೇರಿಂಗು ನಿಜವಾಗಿ ಹೋಗಿದ್ದರೆ

ಬೆಲ್ಟಿಲ್ಲದ ಸ್ಪಿಂಡಲನ್ನು ಬೆರಳಿನಿಂದ ನಿಧಾನ ತಿರುಗಿಸಿದಾಗ ಬೆರಳು ಕಿವಿಗಿಂತ ಹೆಚ್ಚು ಹೇಳುತ್ತದೆ. ಬೆಣ್ಣೆಯಂತೆ ತಿರುಗಿದರೆ ಬೇರಿಂಗನ್ನು ಮುಟ್ಟಬೇಡಿ. ಮರಳು ಸಿಕ್ಕಂತೆ ಕರಕರ ಎಂದರೆ ಒಳಗೆ ಧೂಳು ಅಥವಾ ತುಕ್ಕು. ಸಮ ಸಮ ಅಂತರದಲ್ಲಿ ಸಿಕ್ಕಿ ಸಿಕ್ಕಿ ಬಿಟ್ಟರೆ ಗುಂಡು ಓಡುವ ಹಾದಿಯಲ್ಲಿ ತಗ್ಗು ಬಿದ್ದಿದೆ. ಒಂದು ಸುತ್ತಿಗೆ ಒಂದೇ ಕಡೆ ಬಿಗಿಯಾದರೆ ದಂಡ ಬಗ್ಗಿರಬಹುದು. ತಿರುಗಿಸಿ ಬಿಟ್ಟರೆ ಖಣಖಣ ಎನ್ನುತ್ತ ಬಹಳ ಹೊತ್ತು ತಿರುಗುವ ಸ್ಪಿಂಡಲನ್ನು ನೋಡಿ ‘ಎಷ್ಟು ಹಗುರ!’ ಎಂದು ಖುಷಿಪಡಬೇಡಿ. ಗ್ರೀಸ್ ಒಣಗಿದ ಲಕ್ಷಣ ಅದು. ಗ್ರೀಸ್ ಇರುವ ಬೇರಿಂಗ್ ಸದ್ದಿಲ್ಲದೆ, ಬೇಗ ನಿಲ್ಲುತ್ತದೆ.

ತಗ್ಗು ಬೀಳುವುದು ಹೇಗೆ? ಓಡಿ ಓಡಿ ಸವೆಯುವುದು ಒಂದು ದಾರಿ. ಹಳೆ ಮಷೀನು ಕೊಳ್ಳುವವರಿಗೆ ಮುಖ್ಯವಾದ ಇನ್ನೆರಡು ದಾರಿ ಇವೆ. ಮೊದಲನೆಯದು ಸಾಗಾಟ. ತಿರುಗದೆ ನಿಂತ ಬೇರಿಂಗು ಟೆಂಪೊದ ಕುಲುಕಾಟದಲ್ಲಿ ಗಂಟೆಗಟ್ಟಲೆ ಅದುರಿದರೆ, ಗುಂಡು ಕೂತ ಜಾಗದಲ್ಲೇ ಉಜ್ಜಿ ಉಜ್ಜಿ ಸಣ್ಣ ಕುಳಿ ತೋಡುತ್ತದೆ. ಮಾರುವವನ ಅಂಗಡಿಯಲ್ಲಿ ಸುಮ್ಮನಿದ್ದ ಮಷೀನು ನಮ್ಮಲ್ಲಿ ಗರಗರ ಅನ್ನುವುದಕ್ಕೆ ಇದೂ ಒಂದು ಕಾರಣ. ಆತ ಸುಳ್ಳು ಹೇಳಿರಲಾರ. ತರುವಾಗ ಬೆಲ್ಟು ಕಳಚಿ, ಚಕ್ ಬಿಚ್ಚಿ, ಕಾಲಡಿಗೆ ಗೋಣಿಚೀಲ ಅಥವಾ ಹಳೆ ಟೈರು ಹಾಕಿದರೆ ಈ ಪೆಟ್ಟು ಬಹಳ ಕಡಿಮೆ. ಎರಡನೆಯದು ವೆಲ್ಡಿಂಗ್. ಮುರಿದ ಕಾಲನ್ನು ಮಷೀನಿನ ಮೇಲೇ ಬೆಸೆಯುತ್ತಾರೆ, ಅರ್ಥಿಂಗ್ ಕ್ಲಾಂಪನ್ನು ಕೈಗೆ ಸಿಕ್ಕ ಸ್ಪಿಂಡಲಿಗೆ ಕಚ್ಚಿಸುತ್ತಾರೆ. ಅಷ್ಟೂ ಕರೆಂಟು ಬೇರಿಂಗಿನ ಗುಂಡುಗಳ ಮೂಲಕ ಹರಿದು, ತಾಗುವ ಬಿಂದುಗಳಲ್ಲಿ ಲೋಹವನ್ನು ಸುಡುತ್ತದೆ. ಕ್ಲಾಂಪು ಬೆಸೆಯುವ ತುಂಡಿಗೇ, ಬೆಸುಗೆಯ ಪಕ್ಕದಲ್ಲೇ ಇರಬೇಕು.

ಕಿವಿಗೆ ಸಹಾಯ ಬೇಕೆಂದರೆ ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಯ ಮೇಲೆ, ಅಂದರೆ ತಿರುಗದ ಎರಕದ ಭಾಗದ ಮೇಲೆ ಇಟ್ಟು, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿಯಿರಿ. ಎರಡು ಬೇರಿಂಗುಗಳಲ್ಲಿ ಯಾವುದು ಹೆಚ್ಚು ಕೂಗುತ್ತದೆ ಎಂದು ಸ್ಪಷ್ಟವಾಗಿ ತಿಳಿಯುತ್ತದೆ. ಈ ಕೂಗು ಎಣಿಕೆಗೆ ಏಕೆ ಸಿಗುವುದಿಲ್ಲ ಎಂದರೆ, 6205 ಎಂಬ ಸಾಮಾನ್ಯ ಬೇರಿಂಗಿನಲ್ಲಿ ಒಂಬತ್ತು ಗುಂಡುಗಳಿರುತ್ತವೆ. ದಂಡ ಒಂದು ಸುತ್ತು ಬರುವಷ್ಟರಲ್ಲಿ ಗುಂಡುಗಳ ಸಾಲು ಸುಮಾರು ಅರ್ಧ ಸುತ್ತಿಗೂ ಕಡಿಮೆ ಸರಿಯುತ್ತದೆ. ಹೊರಬಳೆಯ ಮೇಲಿನ ಒಂದೇ ತಗ್ಗಿಗೆ ಒಂದು ಸುತ್ತಿನಲ್ಲಿ ಮೂರೂವರೆಗೂ ಹೆಚ್ಚು ಪೆಟ್ಟು ಬೀಳುತ್ತವೆ. ನಮ್ಮ 720ರ ವೇಗದಲ್ಲಿ ಸೆಕೆಂಡಿಗೆ 43ರಷ್ಟು. ಅದಕ್ಕೇ ಅದು ಬಿಡಿ ಪೆಟ್ಟಾಗಿ ಕೇಳದೆ ಗುರುಗುಟ್ಟುತ್ತದೆ.

ಊರ ವರ್ಕ್‌ಶಾಪಿನಲ್ಲಿ ಕಟ್ಟಿದ ಲೇಥ್‌ಗಳಲ್ಲಿ ಹೆಡ್‌ಸ್ಟಾಕ್ ಎರಕದ್ದಿರುವುದಿಲ್ಲ. ಚಾನೆಲ್ ಮೇಲೆ ಎರಡು ಪ್ಲಮರ್ ಬ್ಲಾಕ್ ಕೂರಿಸಿ ದಂಡ ಹಾಕಿರುತ್ತಾರೆ. ಯುಸಿಪಿ 205 ಎಂದು ಬರೆದಿದ್ದರೆ 25 ಮಿಲಿಮೀಟರ್ ದಂಡದ್ದು. ಇದರ ಒಳಬಳೆಯನ್ನು ದಂಡಕ್ಕೆ ಹಿಡಿದಿಡುವುದು ಎರಡು ಸಣ್ಣ ಸ್ಕ್ರೂ ಮಾತ್ರ. ಅವು ಬಿಟ್ಟರೆ ದಂಡ ಬಳೆಯೊಳಗೇ ಜಾರಿ ತಿರುಗುತ್ತ ಕಿರುಚುತ್ತದೆ, ದಂಡದ ಮೇಲೆ ಗೀರು ಬೀಳುತ್ತದೆ. ಬೇರಿಂಗು ಸತ್ತಿದೆ ಎಂದುಕೊಳ್ಳುವ ಮೊದಲು ಅಲೆನ್ ಕೀ ಹಾಕಿ ಆ ಸ್ಕ್ರೂ ಬಿಗಿಯಿರಿ. ಇನ್ನೂ ಹಳೆಯ ಮಷೀನುಗಳಲ್ಲಿ ಗುಂಡಿನ ಬೇರಿಂಗೇ ಇಲ್ಲ, ಕಂಚಿನ ಬುಷ್ ಇರುತ್ತದೆ. ಅದಕ್ಕೆ ಬೇಕಾದದ್ದು ಎಣ್ಣೆ. ಎಣ್ಣೆಯ ತೂತು ಮರದ ಹುಡಿಯಿಂದ ಮುಚ್ಚಿಹೋಗಿ ಬುಷ್ ಒಣಗಿ ಚೀರುತ್ತಿರುತ್ತದೆ.

ಬದಲಿಸಲೇಬೇಕಾದರೆ ಹಳೆ ಬೇರಿಂಗಿನ ಅಂಚಿನ ಮೇಲಿನ ಸಂಖ್ಯೆ ಓದಿ. ಕೊನೆಯ ಎರಡು ಅಂಕಿ 04 ಅಥವಾ ಹೆಚ್ಚಿದ್ದರೆ ಅದನ್ನು ಐದರಿಂದ ಗುಣಿಸಿದರೆ ಒಳವ್ಯಾಸ: 6204 ಎಂದರೆ 20 ಮಿಲಿಮೀಟರ್, 6205 ಎಂದರೆ 25, 6206 ಎಂದರೆ 30. ಸಂಖ್ಯೆ ಅಳಿಸಿದ್ದರೆ ವರ್ನಿಯರ್ ಹಿಡಿದು ಅಳೆದುಕೊಂಡು ಹೋಗಿ. 6205ರ ಅಳತೆ 25-52-15. ಮರದ ಹುಡಿ ಹಾರುವ ಜಾಗಕ್ಕೆ ಎರಡೂ ಬದಿ ರಬ್ಬರ್ ಮುಚ್ಚಿದ 2ಆರ್‌ಎಸ್ ಕೇಳಿ. ದಂಡದ ಮೇಲೆ ಕೂರಿಸುವಾಗ ಪೆಟ್ಟು ಒಳಬಳೆಗೆ ಬೀಳಬೇಕು, ಆ ಅಳತೆಯ ಪೈಪಿನ ತುಂಡು ಇಟ್ಟು ಬಡಿಯಿರಿ. ಹೊರಬಳೆಗೆ ಸುತ್ತಿಗೆ ಹಾಕಿದರೆ ಆ ಪೆಟ್ಟು ಗುಂಡುಗಳ ಮೂಲಕ ದಾಟಿ, ಹೊಸ ಬೇರಿಂಗಿನಲ್ಲಿ ಅಂದೇ ತಗ್ಗು ಮೂಡುತ್ತದೆ. ತೆರೆದ ಬೇರಿಂಗಿಗೆ ಖಾಲಿ ಜಾಗದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಗ್ರೀಸ್ ಸಾಕು. ಹೆಚ್ಚು ತುಂಬಿದರೆ ಗ್ರೀಸನ್ನೇ ಕಡೆದು ಕಡೆದು ಬೇರಿಂಗು ಕಾಯುತ್ತದೆ.

ಮರವೇ ಕೂಗುವಾಗ

ಮರ ತೆಗೆದಾಗ ಸದ್ದು ನಿಂತರೆ ಮಷೀನು ನಿರ್ದೋಷಿ. ಕಡೆಯದ ಜಾಲಿಯ ತುಂಡೋ ಹುಣಸೆಯ ತುಂಡೋ ಒಂದು ಬದಿಗೆ ಭಾರವಿರುತ್ತದೆ. ಕೇಂದ್ರದಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ನೂರು ಗ್ರಾಂ ಹೆಚ್ಚಿದೆ ಎನ್ನಿ. 720ರ ವೇಗದಲ್ಲಿ ಅದು ಸ್ಪಿಂಡಲನ್ನು ಸುಮಾರು ಆರು ಕೆ.ಜಿ. ತೂಕದ ಬಲದಿಂದ ಜಗ್ಗುತ್ತದೆ. ವೇಗ 1440ಕ್ಕೆ ಏರಿದರೆ ಜಗ್ಗಾಟ ಇಮ್ಮಡಿಯಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ: 23 ಕೆ.ಜಿ. ಅದೂ ಸೆಕೆಂಡಿಗೆ 24 ಸಲ ದಿಕ್ಕು ಬದಲಿಸುತ್ತ. ದುಂಡಾಗುವವರೆಗೆ ಕಡಿಮೆ ವೇಗ, ಆಮೇಲೆ ಹೆಚ್ಚು ಎಂಬ ಹಳಬರ ಮಾತಿನ ಹಿಂದೆ ಈ ಲೆಕ್ಕವಿದೆ. ಕಡೆಯುವವರಲ್ಲಿ ಒಂದು ಅಂದಾಜೂ ಇದೆ: ಮರದ ವ್ಯಾಸವನ್ನು ಇಂಚಿನಲ್ಲಿ, ವೇಗವನ್ನು ನಿಮಿಷದ ಸುತ್ತಿನಲ್ಲಿ ಗುಣಿಸಿದರೆ 6000ದಿಂದ 9000ದೊಳಗೆ ಬರಬೇಕು. ಆರು ಇಂಚಿನ ತುಂಡಿಗೆ 1000ದಿಂದ 1500. ಒರಟು ತುಂಡಿಗೆ ಅದಕ್ಕಿಂತ ಕಡಿಮೆ.

ಒಂದು ಸುತ್ತಿಗೆ ಒಂದು ‘ಟಿಕ್’ ಹೊಸದಾಗಿ ಕೇಳಿಬಂದರೆ ಉಳಿ ತೆಗೆದು ತಕ್ಷಣ ನಿಲ್ಲಿಸಿ. ಮರ ಬಿರುಕು ಬಿಡುತ್ತಿದೆ, ಅಥವಾ ಗಂಟು ಸಡಿಲಾಗಿದೆ. ಉಳಿ ತಾಗಿದಾಗ ಮಾತ್ರ ಗದಗದ ನಡುಗಿ, ಮರದ ಮೇಲೆ ಸುರುಳಿ ಗೆರೆ ಮೂಡಿದರೆ ಉಳಿ ಮೊಂಡಾಗಿದೆ, ಅಥವಾ ಟೂಲ್ ರೆಸ್ಟು ಮರದಿಂದ ದೂರವಿದೆ, ಅಥವಾ ತುಂಡು ಉದ್ದವಾಗಿ ತೆಳ್ಳಗಿದೆ. ತೊಟ್ಟಿಲ ಕಂಬ, ಉದ್ದನೆ ಕಡಗೋಲು ಕಡೆಯುವಾಗ ಇದು ನಿತ್ಯದ ಕಾಟ. ನಡುವೆ ಆಸರೆ ಕೊಟ್ಟರೆ ನಿಲ್ಲುತ್ತದೆ. ಮರದ ಇನ್ನೊಂದು ತುದಿಗೆ ಆಸರೆಯಾದ ಟೇಲ್‌ಸ್ಟಾಕ್ ಕಡೆಯಿಂದ ಚೀರು ಬಂದು ಹೊಗೆಯ ವಾಸನೆ ಎದ್ದರೆ, ತಿರುಗದ ಮೊನೆ ಮರವನ್ನು ಸುಡುತ್ತಿದೆ. ಮೊನೆಗೆ ಒಂದು ಹನಿ ಎಣ್ಣೆ ಅಥವಾ ಮೇಣ ಹಚ್ಚಿ, ಬಿಗಿ ಕಡಿಮೆ ಮಾಡಿ. ಬೇರಿಂಗಿರುವ ತಿರುಗುವ ಮೊನೆ ಹಾಕಿದರೆ ಇನ್ನೂ ಒಳ್ಳೆಯದು.

ರಾಜ್ಯದ ಇನ್ನೊಂದು ತುದಿಯ ಚನ್ನಪಟ್ಟಣದಲ್ಲಿ ತಿರುಗುವ ತುಂಡಿನ ನಡುಕವನ್ನು ಹಿಡಿಯಲು ಕಿವಿಯೇ ಬೇಕಿಲ್ಲ, ಬಣ್ಣ ಹೇಳುತ್ತದೆ. ಅಲ್ಲಿನ ಆಟಿಕೆ ಕಸುಬಿನಲ್ಲಿ ಆಲೆ ಮರದ ತುಂಡು ಲೇಥಿನ ಮೇಲೆ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಿಗೆಯ ಗರಿ ಹಿಡಿದು ಹೊಳಪು ತರುತ್ತಾರೆ. ಸ್ಪಿಂಡಲಿಗೆ ಆಟವಿದ್ದರೆ, ಅಂದರೆ ಅದು ಸಡಿಲಾಗಿ ಅಲ್ಲಾಡುತ್ತಿದ್ದರೆ, ಕಡ್ಡಿ ಉಬ್ಬಿದ ಬದಿಗೆ ಮಾತ್ರ ತಾಗುತ್ತದೆ, ಬಣ್ಣ ಪಟ್ಟೆಪಟ್ಟೆಯಾಗುತ್ತದೆ. ಒಂದು ಕೈಯಲ್ಲಿ ಬಿಲ್ಲು ಎಳೆದು ಇನ್ನೊಂದು ಕೈಯಲ್ಲಿ ಉಳಿ ಹಿಡಿಯುವ ಹಳೆಯ ಕೈ ಲೇಥಿನಲ್ಲಿ ಬೇರಿಂಗೂ ಇರಲಿಲ್ಲ, ಬೆಲ್ಟೂ ಇರಲಿಲ್ಲ. ಎರಡು ಕಬ್ಬಿಣದ ಮೊನೆ, ಅವಕ್ಕೆ ಹನಿ ಎಣ್ಣೆ. ಕೂಗಲು ಅದರಲ್ಲಿ ವಸ್ತುವೇ ಕಡಿಮೆ. ಮೋಟರು ಬಂದು ಕೆಲಸ ಬೇಗವಾಯಿತು, ಅದರ ಜೊತೆಗೆ ಸದ್ದಿನ ಮೂಲಗಳೂ ಹೆಚ್ಚಿದವು.

ಸ್ಟ್ಯಾಂಡಿನ ಪಾಲು

ಯಾವುದೋ ಒಂದೇ ವೇಗದಲ್ಲಿ ಮಷೀನು ಪೂರ್ತಿ ಅದುರಿ, ಅದಕ್ಕಿಂತ ಮೇಲೂ ಕೆಳಗೂ ಸುಮ್ಮನಿದ್ದರೆ ಒಳಗಿನ ಯಾವ ಭಾಗವನ್ನೂ ಬಿಚ್ಚಬೇಡಿ. ಪ್ರತಿ ಸ್ಟ್ಯಾಂಡಿಗೂ ತನ್ನದೇ ಒಂದು ಕಂಪನದ ವೇಗವಿದೆ. ಸ್ಪಿಂಡಲಿನ ವೇಗ ಅದಕ್ಕೆ ಹೊಂದಿದಾಗ ಸಣ್ಣ ಜಗ್ಗಾಟವೂ ದೊಡ್ಡದಾಗುತ್ತದೆ. ನಾಲ್ಕು ಕಾಲೂ ನೆಲಕ್ಕೆ ಸಮವಾಗಿ ಕೂತಿವೆಯೇ ನೋಡಿ. ನಮ್ಮ ಕಡೆಯ ಫರಸಿ ಹಾಸಿದ ನೆಲದಲ್ಲಿ ಒಂದು ಕಾಲು ಗಾಳಿಯಲ್ಲಿರುವುದು ಸಾಮಾನ್ಯ. ಬೆಣೆ ಕೊಟ್ಟು ಸಮ ಮಾಡಿ, ಸ್ಟ್ಯಾಂಡಿನ ಕೆಳ ಹಲಗೆಯ ಮೇಲೆ ಎರಡು ಚೀಲ ಮರಳು ಇಟ್ಟರೆ ಬಹಳಷ್ಟು ಗಲಾಟೆ ಇಳಿಯುತ್ತದೆ.

ಕೊಳ್ಳುವ ಮುನ್ನ

ಇಷ್ಟು ತಿಳಿದ ಮೇಲೆ ಹಳೆ ಲೇಥಿನ ಸದ್ದು ಚೌಕಾಸಿಯ ಆಧಾರವಾಗುತ್ತದೆ. ಬೆಲ್ಟು, ಕೆಪಾಸಿಟರ್, ಬೇರಿಂಗು, ತಿರುಗುವ ಮೊನೆ, ಗ್ರಬ್ ಸ್ಕ್ರೂ, ಇವೆಲ್ಲ ಭಾಲ್ಕಿ, ಬೀದರದ ಪೇಟೆಯಲ್ಲಿ ಸಿಗುವ ವಸ್ತು. ಇವುಗಳ ಸದ್ದಿದ್ದರೆ ಬೆಲೆ ಇಳಿಸಿ ಕೊಳ್ಳಿ. ಬಗ್ಗಿದ ದಂಡ, ಸವೆದ ಮರೆ, ಬೇರಿಂಗಿನ ಹೊರಬಳೆಯೇ ತಿರುಗಿ ತಿರುಗಿ ಅಗಲವಾದ ಮನೆ, ಸೀಳಿದ ಎರಕ, ಇವು ಇದ್ದರೆ ಎಷ್ಟು ಅಗ್ಗ ಕೊಟ್ಟರೂ ಬೇಡ. ಟೇಲ್‌ಸ್ಟಾಕನ್ನು ಹೆಡ್‌ಸ್ಟಾಕಿನ ಹತ್ತಿರ ತಂದು ಎರಡೂ ಮೊನೆಗಳನ್ನು ಎದುರುಬದುರು ಮಾಡಿ, ತುದಿಗೆ ತುದಿ ಕೂಡಬೇಕು. ಎರಕದ ಭಾಗಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಖಣ್ ಎನ್ನದೆ ಬದ್ದೆಂದರೆ ಹೊಸ ಬಣ್ಣದ ಅಡಿಯಲ್ಲಿ ಬಿರುಕು ಹುಡುಕಿ. ಸ್ಪಿಂಡಲಿನ ಕೆಳಗೆ ಮರದ ಪಟ್ಟಿ ತೂರಿಸಿ ಮೀಟಿ, ಬೆರಳಿಗೆ ತಿಳಿಯುವ ಆಟ ಇರಬಾರದು. ಮಾರುವವರು ಎರಡು ನಿಮಿಷ ಓಡಿಸಿ ತೋರಿಸಿದರೆ ಒಪ್ಪಬೇಡಿ, ಅರ್ಧ ಗಂಟೆ ಓಡಿಸಲು ಹೇಳಿ. ತಣ್ಣಗಿರುವಾಗ ಗಟ್ಟಿ ಗ್ರೀಸು ಮುಚ್ಚಿಡುವ ಸದ್ದು ಕಾದ ಮೇಲೆ ಹೊರಬರುತ್ತದೆ. ನಿಲ್ಲಿಸಿದ ಮೇಲೆ ಬೇರಿಂಗಿನ ಮನೆಯನ್ನು ಮುಟ್ಟಿ. ಐದು ಎಣಿಸುವವರೆಗೂ ಕೈ ಇಡಲಾಗದಿದ್ದರೆ, ಸದ್ದು ಇರಲಿ ಬಿಡಲಿ, ಒಳಗೆ ತೊಂದರೆಯಿದೆ.

ಈ ಎಲ್ಲ ಪರೀಕ್ಷೆಗೂ ಕೆಲವು ಕಟ್ಟಳೆ. ಬೆರಳು ಹಾಕುವ ಮುನ್ನ ಪ್ಲಗ್ ಕೈಯಲ್ಲಿರಲಿ, ಸ್ವಿಚ್ ಆಫ್ ಆದರೆ ಸಾಲದು. ಹೆಗಲ ಮೇಲಿನ ಟವೆಲ್, ಧೋತರದ ಚುಂಗು, ಸಡಿಲ ತೋಳು, ಕೈಗವಸು ಮಷೀನಿನ ಹತ್ತಿರ ಬೇಡ. ಬೆಲ್ಟಿನ ಮುಚ್ಚಳ ತೆಗೆದು ಓಡಿಸುವುದು ಪರೀಕ್ಷೆಯ ಹೊತ್ತಿಗೆ ಮಾತ್ರ, ಆಗ ಮಕ್ಕಳು ಆಚೆ ಇರಲಿ. ಕೆಪಾಸಿಟರ್ ಕರೆಂಟು ತೆಗೆದ ಮೇಲೂ ಹೊಡೆಯಬಲ್ಲದು, ಅದನ್ನು ಬಲ್ಲವರೇ ಬಿಚ್ಚಲಿ. ಅರ್ಥಿಂಗ್ ಇಲ್ಲದ ಜಾಗದಲ್ಲಿ ಕಬ್ಬಿಣದ ಲೇಥ್ ಹೂಡಲೇಬೇಡಿ.

ಸದ್ದು ಮಾಡುವ ಹಳೆ ಲೇಥ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಮಾರುವವರ ಎದುರೇ ಪರೀಕ್ಷಿಸಲು ಬಿಡದ ಲೇಥನ್ನು ಮಾತ್ರ ಕೊಳ್ಳಬೇಡಿ.